ಶನಿವಾರ ಮಧ್ಯಾಹ್ನದ ಸೈರನ್

"ಇನ್ನೂ ಇಲ್ಲೇ ಕೂತಿದ್ದೀಯಾ? ಭೇಷ್," ಎಂದು ರಾಯ್ಸ್ ಜಗಲಿಯ ಮೆಟ್ಟಿಲ ಮೇಲೆ ಕಾಲು ಚಾಚಿದ. "ಬೇರೆ ದಿನ ಆಗಿದ್ರೆ ಇಷ್ಟೊತ್ತಿಗೆ ಗುಂಡಿ ಸೇರಿರ್ತಿದ್ದೆ."

ಅವನ ಹೆಂಡತಿ ಟ್ವೈಲಾ ಸಿಪ್ಪೆ ಸುಲಿಯುತ್ತಲೇ ಇದ್ದಳು. ಮಡಿಲಲ್ಲಿ ಬಟಾಣಿಯ ಬುಟ್ಟಿ. ಬೆರಳು ಬೆವರಿ ಕಾಳು ಜಾರಿ ಜಾರಿ ಬೀಳುತ್ತಿತ್ತು. ಬಿದ್ದದ್ದನ್ನೆಲ್ಲ ಮೊಮ್ಮಗಳು ಜೂನಿ ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಬೀದಿಯ ಕರೆಂಟು ಬೆಳಿಗ್ಗೆಯೇ ಹೋಗಿ ಟೀವಿ, ರೇಡಿಯೋ ಎರಡೂ ಬಾಯಿ ಮುಚ್ಚಿಕೊಂಡಿದ್ದವು. ನೈರುತ್ಯದ ಆಕಾಶ ಏಟು ಬಿದ್ದು ಕಂದಿದ ಮೈಯ ಬಣ್ಣಕ್ಕೆ ತಿರುಗಿತ್ತು.

ಓಕ್ಲಹೋಮಾದ ನಮ್ಮ ಕಡೆ ಸುಂಟರಗಾಳಿಗೆಂದು ಹಿತ್ತಲಲ್ಲಿ ಒಂದು ನೆಲಮಾಳಿಗೆ ತೋಡಿರುತ್ತಾರೆ. ಅದನ್ನು ಕರೆಯುವುದು ಮಾತ್ರ ಪುಕ್ಕಲರ ಗುಂಡಿ ಎಂದು. ತೋಡಿದ ಗಂಡಸರೇ ಅದಕ್ಕೆ ಇಳಿಯುವುದಿಲ್ಲ, ಅಂಗಳದಲ್ಲಿ ಬಿಯರ್ ಹಿಡಿದು ಮೋಡ ನೋಡುತ್ತಾ ನಿಲ್ಲುತ್ತಾರೆ. ಅದೊಂದು ದೊಡ್ಡಸ್ತಿಕೆ. ಟ್ವೈಲಾ ಗುಡುಗು ಕೇಳುವ ಮೊದಲೇ ಇಳಿಯುವವಳು. ಅವಳು ಸಣ್ಣವಳಿದ್ದಾಗ ಮನೆಯ ಮಾಡು ಕಣ್ಣೆದುರೇ ಹಾರಿಹೋಗಿತ್ತು. ಅಂದಿನಿಂದ ಕರಿಮೋಡ ಕಂಡರೆ ಕೈಲಿದ್ದ ಕೆಲಸ ಬಿಟ್ಟು ಓಡುತ್ತಾಳೆ. ಒಮ್ಮೆ ಚರ್ಚಿನಲ್ಲಿ ಪ್ರಾರ್ಥನೆಯ ನಡುವೆ ಎದ್ದು ಓಡಿದ್ದಳು. ಹೊರಗೆ ಗುಡುಗಿದ್ದು ಒಂದು ಲಾರಿ. ಊರು ಅದನ್ನು ಇನ್ನೂ ಹೇಳಿಕೊಂಡು ನಗುತ್ತದೆ.

ಕಳೆದ ತಿಂಗಳು ಮಳೆ ಬಂದಾಗ ಜೂನಿ ತನ್ನ ಮನೆಯಲ್ಲಿ ಮಂಚದ ಕೆಳಗೆ ಹೋಗಿ ಕೂತಳಂತೆ. ಮಗಳು ಮಾರ್ಲಾ ಮಾರನೆಯ ದಿನವೇ ಬಂದು ಕಡ್ಡಿ ಮುರಿದಂತೆ ಹೇಳಿದ್ದಳು: "ನಿನ್ನ ಭಯ ನನ್ನ ಮಗೂಗೆ ಅಂಟ್ತಿದೆಯಮ್ಮ. ಸುಂಟರಗಾಳಿ ಸೈರನ್ ಕೂಗೋ ತನಕ ಕೆಳಗಿಳೀಬೇಡ. ಇನ್ನೊಂದ್ಸಲ ಸುಮ್ಸುಮ್ನೆ ಇವಳನ್ನ ಎಳ್ಕೊಂಡು ಹೋದ್ರೆ ಶನಿವಾರ ಇಲ್ಲಿ ಬಿಡೋದನ್ನೇ ನಿಲ್ಲಿಸ್ತೀನಿ."

ಟ್ವೈಲಾಗೆ ವಾರ ಎಂದರೆ ಆ ಶನಿವಾರವೇ. ಒಪ್ಪಿಕೊಂಡಳು. ಪಟ್ಟಣದ ಡಾಕ್ಟರ ಹತ್ತಿರ ಹೋಗಿ, ಭಯ ಬಂದಾಗ ನಿಧಾನವಾಗಿ ಉಸಿರು ಬಿಡುವುದನ್ನೂ ಎದುರಿಗಿರುವುದನ್ನು ಒಂದೊಂದಾಗಿ ಹೆಸರಿಸುವುದನ್ನೂ ಕಲಿತಳು. ಇವತ್ತು ಬೆಳಗಿನಿಂದ ಅದನ್ನೇ ಮಾಡುತ್ತಿದ್ದಳು. ಬೇಲಿ. ಬಕೆಟ್ಟು. ರಾಯ್ಸನ ಹರಕು ಬೂಟು. ಏಳು, ಓಡು ಎಂದು ಭಯ ಒಂದೇ ಸಮನೆ ಕಿವಿ ಕಚ್ಚುತ್ತಿತ್ತು. "ನೀನು ಹೇಳಿದ್ದಕ್ಕೆಲ್ಲ ನಾನು ಏಳಲ್ಲ, ಹೋಗು," ಎಂದು ಅದಕ್ಕೆ ಪಿಸುಗುಟ್ಟಿದಳು. ಎರಡು ಸಲ ಗುಡುಗಿತು. ಏಳಲಿಲ್ಲ.

ಊಟದ ಹೊತ್ತಿಗೆ ಮಾರ್ಲಾ ಬಂದಳು. ಅಮ್ಮ ಜಗಲಿಯಲ್ಲೇ ಇರುವುದನ್ನು ಕಂಡು ಅವಳ ಮುಖ ಅರಳಿತು. ತಂದಿದ್ದ ಮೆಕ್ಕೆಜೋಳದ ಬ್ರೆಡ್ಡಿನ ತಟ್ಟೆಯನ್ನು ಇನ್ನೂ ಕೆಳಗಿಟ್ಟಿರಲಿಲ್ಲ, ಸೈರನ್ ಶುರುವಾಯಿತು.

"ಹನ್ನೆರಡಾಯ್ತು," ಎಂದು ರಾಯ್ಸ್ ಆಕಳಿಸಿದ. ಪ್ರತಿ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಸೈರನ್ ಸರಿಯಿದೆಯೋ ಇಲ್ಲವೋ ಎಂದು ಕೂಗಿಸಿ ನೋಡುತ್ತಾರೆ. ಊರೆಲ್ಲ ಅದಕ್ಕೇ ಗಡಿಯಾರ ಸರಿ ಮಾಡಿಕೊಳ್ಳುತ್ತದೆ.

ಟ್ವೈಲಾ ಬುಟ್ಟಿ ಇಳಿಸಿ ಎದ್ದಳು. "ಮೋಡ ಇದ್ದ ದಿನ ಪರೀಕ್ಷೆಗೆ ಕೂಗಿಸಲ್ಲ. ಇದು ನಿಜವಾದದ್ದು."

"ಮರೆತು ಕೂಗಿಸಿರ್ತಾರಮ್ಮ. ಕೂತ್ಕೋ," ಎಂದಳು ಮಾರ್ಲಾ.

ಇರಬಹುದು. ಟ್ವೈಲಾ ಒಂದು ಗಳಿಗೆ ನಿಂತು ತನ್ನನ್ನೇ ಕೇಳಿಕೊಂಡಳು. ಭಯ ಬೆಳಗಿನಿಂದ ಹಾಡಿದ್ದನ್ನೇ ಹಾಡುತ್ತಿತ್ತು, ಅದನ್ನು ನಂಬುವ ಹಾಗಿರಲಿಲ್ಲ. ಆದರೆ ಗಾಳಿ ನಿಂತಿತ್ತು. ಹಿತ್ತಲಲ್ಲಿ ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಅದು ಭಯ ಹೇಳಿದ್ದಲ್ಲ. ಅವಳು ಜೂನಿಯ ಕೈ ಹಿಡಿದಳು.

ಮಾರ್ಲಾ ಅಡ್ಡ ನಿಂತಳು. "ನಮ್ಮ ಮಾತೇನಾಗಿತ್ತು?"

"ಸೈರನ್ ಕೂಗೋ ತನಕ ಅಂದೆ. ಕೂಗ್ತಾ ಇದೆ."

"ಅದು ಶನಿವಾರದ್ದು."

"ಹಾಗಾದ್ರೆ ಮುಂದಿನ ವಾರದಿಂದ ಕಳಿಸ್ಬೇಡ. ಇವತ್ತು ನನ್ನ ಜೊತೆ ಇದ್ದಾಳೆ. ಪಕ್ಕಕ್ಕೆ ಸರಿ."

"ಪುಕ್ಕಲಿ," ಎಂದು ರಾಯ್ಸ್ ನಕ್ಕ.

"ಹೌದು, ಪುಕ್ಕಲೀನೇ. ಬೇಕಾದ್ರೆ ಊರಿಗೆಲ್ಲ ಡಂಗುರ ಸಾರು."

ಗುಂಡಿಯೊಳಗೆ ಮಣ್ಣಿನ ವಾಸನೆ. ಮೇಲಿನ ಬಾಗಿಲು ತೆರೆದೇ ಇತ್ತು. ಟ್ವೈಲಾ ಲಾಟೀನು ಹಚ್ಚಲು ಹೋಗಿ ಮೂರು ಕಡ್ಡಿ ಹಾಳು ಮಾಡಿ ಕೈಬಿಟ್ಟಳು. ಶನಿವಾರವೂ ಹೋಯಿತು, ಮಗುವೂ ಕೈತಪ್ಪಿತು ಎಂದುಕೊಂಡಳು. ಆದರೂ ಮೇಲೆ ಹತ್ತುವ ಮನಸ್ಸಾಗಲಿಲ್ಲ. ನಿಲ್ಲಬೇಕಾಗಿದ್ದ ಸೈರನ್ ನಿಲ್ಲಲಿಲ್ಲ, ಕೂಗುತ್ತಲೇ ಇತ್ತು.

"ಅಜ್ಜಿ, ನಿಂಗೆ ಹೆದರಿಕೆ ಆಗ್ತಿದೆಯಾ?"

"ತುಂಬಾ. ನೋಡು ಕೈ ಹೇಗೆ ನಡುಗ್ತಿದೆ."

ಜೂನಿ ಆ ಕೈಯನ್ನು ತನ್ನೆರಡು ಕೈಗಳಲ್ಲಿ ಒತ್ತಿ ಹಿಡಿದಳು. "ನಂದು ನಡುಗ್ತಿಲ್ಲ. ಹಿಡ್ಕೋ."

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಮಾರ್ಲಾ ಅರ್ಧದಲ್ಲಿ ನಿಂತು ಇದನ್ನು ಕೇಳಿಸಿಕೊಂಡಿದ್ದಳು. ಅವಳ ಹಿಂದೆ ರಾಯ್ಸ್ ದಡಬಡನೆ ಇಳಿದು, ಬಾಗಿಲೆಳೆದು ಅಗುಳಿ ಹಾಕಿದ. ಮೇಲೆಲ್ಲೋ ತಗಡು ಕಿತ್ತುಬಂದ ಸದ್ದು.

ಟ್ವೈಲಾ ಬೆಂಚಿನ ಮೇಲೆ ಸರಿದು ಜಾಗ ಮಾಡಿದಳು. ಮಾರ್ಲಾ ಕೂತು, ಕತ್ತಲಲ್ಲಿ ತಡವಿ ಅಮ್ಮನ ಇನ್ನೊಂದು ಕೈ ಹುಡುಕಿದಳು. ಮಗಳ ಬೆರಳುಗಳು ಗಡಗಡ ನಡುಗುತ್ತಿದ್ದವು.