ಬಿಸಿ ತಾಗದ ಕೈ

ಮನುಷ್ಯನ ಕೈಯನ್ನು ಶೇಕಡಾ ಇಪ್ಪತ್ತು ಎಂದು ಅಳೆಯುವುದು ಹೇಗೆ? ಈ ಹುಳ ಜಯಂತಿಯ ತಲೆ ಹೊಕ್ಕು ಎರಡು ವರ್ಷವಾಗಿತ್ತು. ಕುಂಬಳಕಾಯಿಯಾದರೆ ಹೋಳು ಮಾಡಿ ತೋರಿಸಬಹುದು. ಗಂಡ ವಿಠ್ಠಲನನ್ನು ಕೇಳಿದರೆ, ಅದು ಡಾಕ್ಟರರ ಲೆಕ್ಕ, ನಿನಗ್ಯಾಕೆ ಎಂದು ಮಾತು ಮುಗಿಸುತ್ತಿದ್ದ.

ವಿಠ್ಠಲ ಸೈನ್ಯದಲ್ಲಿ ಹವಾಲ್ದಾರನಾಗಿದ್ದವನು. ಹಿಮದಲ್ಲಿ ಕಾವಲಿದ್ದಾಗ ಬಲಗೈಯ ಬೆರಳುಗಳು ಮರಗಟ್ಟಿಹೋದವು. ಸೈನ್ಯ ಬಿಡುಗಡೆ ಮಾಡಿದ ಮೇಲೆ, ವಡೋದರಾದಲ್ಲಿ ಅಣ್ಣ ನಡೆಸುತ್ತಿದ್ದ ಉಡುಪಿ ಹೋಟೆಲಿನ ಅಡುಗೆಮನೆ ಸೇರಿದ. ಬಿಡುಗಡೆಯ ವೇಳೆ ಸೈನ್ಯದ ವೈದ್ಯಕೀಯ ಮಂಡಳಿ ಅವನ ಅಂಗವೈಕಲ್ಯ ಶೇಕಡಾ ಮೂವತ್ತು ಎಂದು ಬರೆದಿತ್ತು. ಕಳೆದ ಸಲದ ಮರುಪರೀಕ್ಷೆಯಲ್ಲಿ ಅದು ಇಪ್ಪತ್ತಕ್ಕೆ ಇಳಿಯಿತು. ಇಪ್ಪತ್ತಕ್ಕಿಂತ ಕೆಳಗೆ ಹೋದರೆ ಅಂಗವೈಕಲ್ಯದ ಪಿಂಚಣಿಯೇ ನಿಂತುಹೋಗುತ್ತದೆ. ಮಗಳು ರಶ್ಮಿಯ ನರ್ಸಿಂಗ್ ಓದು ಸಾಗುತ್ತಿದ್ದದ್ದು ಅದರಿಂದಲೇ.

ಇಳಿದದ್ದು ಯಾಕೆಂದು ಕೇಳಿದರೆ ನಗಬೇಕೋ ಅಳಬೇಕೋ. ಹೋಟೆಲಿನಲ್ಲಿ ವಿಠ್ಠಲನ ಕೈಗೆ ಭಾರೀ ಹೆಸರು. ಕುದಿಯುವ ಸಾಂಬಾರಿನ ಪಾತ್ರೆಯನ್ನು ಬಟ್ಟೆ ಹಿಡಿಯದೆ ಇಳಿಸುತ್ತಿದ್ದ. ಬಿಸಿ ತಾಗದ ಕೈ ಎಂದರೆ ಪಳಗಿದ ಕೈ ಎಂದು ಭಟ್ಟರೆಲ್ಲ ಮೆಚ್ಚುತ್ತಿದ್ದರು, ಜಯಂತಿಯೂ ಬೀಗಿದವಳೇ. ವಿಠ್ಠಲ ಆ ಪ್ರತಾಪವನ್ನೇ ಮಂಡಳಿಯೆದುರು ಕೊಚ್ಚಿಕೊಂಡು ಬಂದಿದ್ದ. ಆದರೆ ಹೋದ ವಾರ ದೋಸೆ ಕಾವಲಿಯ ಮೇಲೆ ಅವನ ಬೆರಳು ಸುಟ್ಟ ವಾಸನೆ ಬಂದದ್ದು ಮೊದಲು ಅವಳ ಮೂಗಿಗೆ. ಅವಳು ಕೂಗಿದ ಮೇಲೆಯೇ ಅವನು ಕೈ ತೆಗೆದದ್ದು. ಹಾಗಾಗಿ ಈ ಸಲ ಅಹಮದಾಬಾದಿನ ಸೈನಿಕ ಆಸ್ಪತ್ರೆಯ ಮರುಪರೀಕ್ಷೆಗೆ ಅವಳೂ ಹೊರಟಳು.

ಡಾಕ್ಟರರ ಕೋಣೆಯೊಳಗೆ ವಿಠ್ಠಲ ಮೇಜಿನ ಮೇಲಿನ ನಾಣ್ಯ ಎತ್ತಿದ, ಅಂಗಿಯ ಗುಂಡಿ ಹಾಕಿದ. ಡಾಕ್ಟರು ಪೆನ್ಸಿಲಿನಲ್ಲಿ ಹದಿನೈದು ಎಂದು ಗುರುತು ಹಾಕಿಕೊಂಡದ್ದನ್ನು ಬಾಗಿಲ ಬಳಿ ನಿಂತ ಜಯಂತಿ ಕಂಡಳು. ಅವಳು ಮೇಜಿನ ಬಳಿ ಬಂದಳು. ತನ್ನ ಹರಕು ಹಿಂದಿಯಲ್ಲೇ, ಇವರು ಕಣ್ಣಿನಿಂದ ಹಿಡಿಯುತ್ತಾರೆ, ಬೆರಳಿನಿಂದಲ್ಲ, ಒಮ್ಮೆ ಕಣ್ಣು ಮುಚ್ಚಿಸಿ ನೋಡಿ ಎಂದಳು. ವಿಠ್ಠಲನ ಮುಖ ಕೆಂಪಾಯಿತು.

"ಎಂತ ಮಾರಾಯ್ತಿ, ನನ್ನ ಮಾನ ತೆಗೀತೀಯಾ?"

"ಮಾನ ಉಂಟಲ್ಲ, ಅದು ಎಲ್ಲಿಗೂ ಹೋಗೂದಿಲ್ಲ. ಒಮ್ಮೆ ಕಣ್ಣು ಮುಚ್ಚಿ."

ಡಾಕ್ಟರಿಗೂ ಕುತೂಹಲ ಹುಟ್ಟಿತು. ಕಣ್ಣು ಮುಚ್ಚಿದ ವಿಠ್ಠಲನ ಬೆರಳುಗಳ ಮೇಲೆ ನಾಣ್ಯ ಇಟ್ಟರು, ಆಮೇಲೆ ಒಂದು ಬಿಡಿ ಗುಂಡಿ. ಅವನು ಎರಡನ್ನೂ ತಪ್ಪು ಹೇಳಿದ. ಕೊನೆಗೆ ಅವರು ಜಯಂತಿಗೆ ಸನ್ನೆ ಮಾಡಿದರು. ಅವಳು ಗಂಡನ ಬೆರಳುಗಳ ಮೇಲೆ ತನ್ನ ಬೆರಳುಗಳನ್ನು ಮೆಲ್ಲಗೆ ಇಟ್ಟಳು. ಈಗ ಏನಿದೆ ಎಂದು ಡಾಕ್ಟರು ಕೇಳಿದರು.

ಅವನು, ಏನೂ ಇಟ್ಟಿಲ್ಲ ಸಾಹೇಬರೇ ಎಂದ.

ಅವನು ಕಣ್ಣು ತೆರೆದಾಗ ಅವಳ ಬೆರಳುಗಳು ಇನ್ನೂ ಅಲ್ಲೇ ಇದ್ದವು. ಇಷ್ಟು ವರ್ಷ ತಾನು ಮೆಚ್ಚಿದ್ದು ಇದನ್ನೇ ಅಲ್ಲವೇ ಎಂದು ಜಯಂತಿಗೆ ಅಳು ಬಂತು. ಡಾಕ್ಟರು ರಬ್ಬರು ಹುಡುಕಿ ಹದಿನೈದನ್ನು ಅಳಿಸಿ, ಪೆನ್ನಿನಲ್ಲಿ ಮೂವತ್ತು ಎಂದು ಬರೆದರು.

ವಡೋದರಾದ ರೈಲು ಹತ್ತಿ ವಿಠ್ಠಲ ಕಿಟಕಿಯ ಬದಿಗೆ ಕೂತ. ನಡಿಯಾದ್ ನಿಲ್ದಾಣ ದಾಟಿದ ಮೇಲೆ, ಕಿಟಕಿಯ ಆಚೆ ನೋಡುತ್ತಲೇ ಕೇಳಿದ.

"ಆಗ ನಿನ್ನ ಕೈ ಬಿಸಿ ಇತ್ತಾ, ತಣ್ಣಗಿತ್ತಾ?"

"ತಣ್ಣಗಿತ್ತು. ಹೆದರಿದ್ದೆ," ಎಂದಳು ಜಯಂತಿ.