ಕೂಸಿಗೆ ಎರೆಯುವ ಕೈ

ಕೂಸಿನ ಹೊಕ್ಕಳಬಳ್ಳಿ ಉದುರಿತ್ತು. ಹಂಡೆಯಲ್ಲಿ ನೀರು ಕಾದಿತ್ತು. ಕಲಬುರಗಿ ಕಡೆಯ ಮುಧೋಳದ ಶರಣಬಸಮ್ಮ ಮಣೆಯ ಮೇಲೆ ಕುಳಿತು ಕಾಲು ಚಾಚಿದಳು. ಮಗಳು ಭಾಗ್ಯಜ್ಯೋತಿಯ ಚೊಚ್ಚಲ ಕೂಸಿಗೆ ತಾನೇ ಎರೆಯಬೇಕೆಂದು ಎಷ್ಟು ದಿನದಿಂದ ಕಾದಿದ್ದಳೋ!

ಕೂಸು ನೋಡಲು ವಾಡಿಯಿಂದ ಬಂದಿದ್ದ ಬೀಗತಿ ಅಂಬುಜಾ ಅಡ್ಡ ಬಂದಳು.

"ಬ್ಯಾಡ್ರಿ ಬೀಗತಿ. ನಿಮ್ಮ ಕೈತುಂಬ ಗಂಟು. ಕೂಸಿಗಿ ಅಂಟಿದರ?"

ಶರಣಬಸಮ್ಮ ಸೆರಗಿನಲ್ಲಿ ತೋಳು ಮುಚ್ಚಿಕೊಂಡಳು. ಹರೆಯದಿಂದ ಒಂದೊಂದಾಗಿ ಎದ್ದ ಮೆತ್ತನೆಯ ಗಂಟುಗಳು. ಮದುವೆ ಮನೆಗಳಲ್ಲಿ ಯಾರೂ ಅವಳಿಗೆ ಹಿಟ್ಟು ನಾದಲು ಕೊಡುತ್ತಿರಲಿಲ್ಲ. ಈಗ ಮೊಮ್ಮಗಳೂ ಕೈತಪ್ಪಿದಳೇ?

ಅಷ್ಟರಲ್ಲಿ ಕೂಸಿನ ತೂಕ ನೋಡಲು ಆಶಾ ಕಾರ್ಯಕರ್ತೆ ಸಂಘಮಿತ್ರಾ ಬಂದಳು. ಸಂಗತಿ ಕೇಳಿ ಶರಣಬಸಮ್ಮನ ತೋಳು ಹಿಡಿದು ಸವರಿದಳು.

"ಎಷ್ಟೋ ಸಲ ಈ ಕೈ ಹಿಡದು ಬಿಪಿ ನೋಡೀನಿ. ನನಗೆಲ್ಲಿ ಅಂಟ್ಯಾದ, ತೋರಸ್ರಿ."

"ಹರೇದಾಕಿ ನೀ. ನಿನಗೇನ್ ತಿಳೀತದ?" ಎಂದಳು ಅಂಬುಜಾ.

"ತಿಳೀಲಿಲ್ಲ ಅಂತೇ ಈ ತಾಯಿ ಮಗಳಿಗಿ ಕಲಬುರಗಿಗಿ ಕರ್ಕೊಂಡು ಹೋಗಿದ್ದೆ. ಡಾಕ್ಟರ್ ಅಂದ್ರು, ಇಬ್ಬರಿಗೂ ನ್ಯೂರೋಫೈಬ್ರೊಮಟೋಸಿಸ್ ಅದ ಅಂತ."

"ಯವ್ವಾ, ಹೆಸರೇ ಬಾಯಾಗ ಹಿಡೀವಲ್ದು!"

"ನರದ ಮ್ಯಾಲ ಬೆಳಿಯೋ ಗಂಟ್ರಿ. ಇವು ಕ್ಯಾನ್ಸರ್ ಅಲ್ಲ, ಶಾಪ ಅಲ್ಲ. ಮುಟ್ಟಿದರ ಬರಲ್ಲ, ಹುಟ್ಟಿನಿಂದ ಬರ್ತದ."

ಅಂಬುಜಾಳ ದನಿ ಇಳಿಯಿತು. "ಹಂಗಾದ್ರ ನಮ್ಮ ಕೂಸಿಗಿ?"

"ಸುಳ್ಳು ಹೇಳಲ್ಲ ಅತ್ತಿ. ಬರಬಹುದು, ಬರದೇನೂ ಇರಬಹುದು, ಅರ್ಧಕ್ಕರ್ಧ. ಭಾಗ್ಯಜ್ಯೋತಿ ಮೈಮ್ಯಾಲ ಹಾಲು ಚಹಾದ ಬಣ್ಣದ ಮಚ್ಚಿ ಅವಲ್ಲ? ತೊಗರಿ ಕಾಳಿನಷ್ಟು ಅಂಥವು ಆರೋ ಹೆಚ್ಚೋ ಕೂಸಿನ ಮೈಮ್ಯಾಲ ಕಂಡರ ಡಾಕ್ಟರಿಗಿ ತಡಾ ಮಾಡದೆ ಹೇಳಬೇಕು. ಕಣ್ಣು, ಬೆನ್ನು ವರ್ಷಾ ವರ್ಷಾ ತೋರಿಸ್ಕೋತ ಇದ್ರ ಭಾಳ ಮಂದಿ ಚಂದಾಗಿ ಬಾಳ್ತಾರ. ದಿನಾ ಎರಿಯೋರಕ್ಕಿಂತ ಚಲೋ ಕೂಸಿನ ಮೈ ಯಾರು ನೋಡ್ತಾರ, ಹೇಳ್ರಿ?"

ಒಳಗಿನಿಂದ ಭಾಗ್ಯಜ್ಯೋತಿ ಕೂಗಿದಳು: "ನಿನ್ನಿ ಅವ್ವ ಬಡದ ರೊಟ್ಟಿ ನಾಕು ತಿಂದ್ರಿ ಅತ್ತಿ. ಆಗ ಅಂಟಲಿಲ್ಲೇನು?"

ಅಂಬುಜಾಗೂ ನಗು ಬಂತು. ತಂಬಿಗೆ ಎತ್ತಿಕೊಂಡಳು.

"ಕಾಲು ಚಾಚ್ರಿ ಬೀಗತಿ. ನೀರು ನಾ ಹಾಕ್ತೀನಿ, ಮಚ್ಚಿ ನೀವು ನೋಡ್ರಿ."

ಶರಣಬಸಮ್ಮ ತೋಳು ಮುಚ್ಚಿದ್ದ ಸೆರಗು ಸರಿಸಿ ಕೂಸನ್ನು ಎತ್ತಿಕೊಂಡಳು. ಅಳುತ್ತಿದ್ದ ಕೂಸು ಅಜ್ಜಿಯ ಕಾಲ ಮೇಲೆ ಬೆಚ್ಚಗೆ ಆಕಳಿಸಿತು.

ಓದಿದವರೇ, ನಿಮ್ಮ ಓಣಿಯಲ್ಲೂ ಇಂಥ ತೋಳು ಮುಚ್ಚಿಕೊಂಡವರು ಇರಬಹುದು. ಗಂಟು ಉದುರಲೆಂದು ಅದಕ್ಕೆ ಕೂದಲು ಕಟ್ಟಬೇಡಿ, ಸುಡಬೇಡಿ. ಅದು ಯಾವ ಗಂಟೆಂದು ಡಾಕ್ಟರೇ ಹೇಳಲಿ. ಬೇಗ ಬೆಳೆದರೆ, ನೋವಾದರೆ ಒಂದು ದಿನವೂ ತಡ ಬೇಡ. ಇದೇ ರೋಗವೆಂದು ತಿಳಿದ ಮೇಲೆ ಅಂಜದೆ ನಿಮ್ಮ ಕೂಸನ್ನು ಆ ಕೈಗೆ ಕೊಡಿ.