ಸತ್ಕಾರದ ದಿನದ ಊಟ

ಖಾನಾಪುರದ ಹೀರಾಬಾಯಿಯ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿರಲಿಲ್ಲ. ಅಂಥವಳು ಬೆಳಗಾವಿ ಸ್ಟೇಶನ್ನಿನಲ್ಲಿ ಮಗ ವಿಪುಲನನ್ನು ಕಂಡು ಮಾತಿಲ್ಲದೆ ನಿಂತಳು. ಸೈನ್ಯದ ತರಬೇತಿ ಮುಗಿಸಿ ಬಂದವನು ನಗುವುದನ್ನೇ ಮರೆತಂತಿದ್ದ. "ಇರುವಿ ಕಂಡ್ರ ಸುತ್ತ ಹಾಕಿ ಹೋಗೂ ಜೈನರ ಹುಡುಗ ಬಂದೂಕು ಹಿಡೀತಾನೇನು?" ಎಂದು, ಅವನು ಸೈನ್ಯ ಸೇರುವ ಮಾತು ಬಂದಾಗ ಓಣಿಯವರು ನಕ್ಕಿದ್ದರು. ಆ ನಗೆ ತಾಳಲಾರದೆ ಅವನನ್ನು ಕಳಿಸಿದವಳು ಅವಳೇ. ಈಗ ಅದೇ ಓಣಿಯವರು ಇಳಿಹೊತ್ತಿಗೆ ಬಸದಿಯ ಮುಂದೆ ಅವನಿಗೆ ಸತ್ಕಾರ ಇಟ್ಟಿದ್ದರು. ನಾಲಿಗೆಗೆ ಎಲುಬಿಲ್ಲ ಎನ್ನುವುದು ಸುಮ್ಮನೆ ಅಲ್ಲ.

ಖಾನಾಪುರದ ಬಸ್ಸಿನಲ್ಲಿ ವಿಪುಲ ಮೆಲ್ಲಗೆ ಎಲ್ಲ ಹೇಳಿದ. ತರಬೇತಿಯಲ್ಲಿ ಮಾಂಸ ತಿನ್ನಲು ಒಲ್ಲೆ ಎಂದಿದ್ದನಂತೆ. ಅವನೊಬ್ಬ ಒಲ್ಲೆ ಎಂದದ್ದಕ್ಕೆ ತರಬೇತಿ ಕೊಡುವ ಉಸ್ತಾದ ಇಡೀ ತುಕಡಿಯನ್ನು ಬಿಸಿಲಿನಲ್ಲಿ ಓಡಿಸಿದ. ಓಡಿ ಸುಸ್ತಾದ ಜೊತೆಯವರು ಇವನನ್ನು ಹಿಡಿದು ಬಡಿದರು. ಮರುದಿನ ತಿಂದ, ಹೊರಗೆ ಹೋಗಿ ವಾಂತಿ ಮಾಡಿಕೊಂಡ. ಬರಬರುತ್ತ ವಾಂತಿಯೂ ನಿಂತಿತು.

"ಇವತ್ತ ಎಲ್ಲಾರ ಮುಂದ ಹೇಳಿಬಿಡ್ತೇನವ್ವಾ. ಸುಳ್ಳು ಇಟ್ಕೊಂಡು ಹಾರ ಹಾಕಿಸ್ಕೊಳ್ಳಾಕ ಆಗೂದಿಲ್ಲ."

ಮಗ ಮಾಂಸ ತಿಂದದ್ದಕ್ಕೆ ಹೀರಾಬಾಯಿಗೆ ಸಂಕಟವಾಯಿತು, ಖರೇ. ಆದರೆ ಅವಳ ಕಣ್ಣ ಮುಂದೆ ಬಂದದ್ದು ಓಣಿಯವರ ಮುಖಗಳು.

"ಸುಮ್ನಿರು," ಎಂದಳು. "ಎಲ್ಲಾರು ಹೆಂಗ ಇರ್ತಾರೋ ಹಂಗ ಇರು."

ವಿಪುಲ ಅವಳ ಮುಖವನ್ನೇ ನೋಡಿದ. "ಉಸ್ತಾದನೂ ಇದನ್ನೇ ಅಂದಿದ್ದ," ಎಂದ.

ಬಸದಿಯ ಮುಂದೆ ಓಣಿಯ ಹಿರಿಯ ಪದ್ಮಾಕರ ಮೈಕ್ ಹಿಡಿದು, ಮಿಲಿಟರಿಗೆ ಹೋದರೂ ನಮ್ಮ ಹುಡುಗ ಧರ್ಮ ಬಿಡಲಿಲ್ಲ ಎಂದು ಹೊಗಳಿದ, ಹೌದೋ ಅಲ್ಲೋ ಎಂದು ಅವನನ್ನೇ ಕೇಳಿದ. ವಿಪುಲ ತಾಯಿಯತ್ತ ನೋಡಿದ. ಹೀರಾಬಾಯಿ ಹೌದೆನ್ನು ಎಂಬಂತೆ ತಲೆಯಾಡಿಸಿದಳು. ಅವನು ಹಿಮ್ಮಡಿ ಜೋಡಿಸಿ "ಹೌದ್ರೀ" ಎಂದು ಗರ್ಜಿಸಿದ ಹೊಡೆತಕ್ಕೆ ಯಾರದೋ ಕಂಕುಳಲ್ಲಿದ್ದ ಕೂಸು ಬೆಚ್ಚಿ ಅತ್ತಿತು. ಜನ ಚಪ್ಪಾಳೆ ತಟ್ಟಿದರು. ಹೀರಾಬಾಯಿಗೆ ಮಾತ್ರ ಕೈ ಎತ್ತಲಾಗಲಿಲ್ಲ.

ಅವಳ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವಂತಿಲ್ಲ. ಬಂದವಳೇ ಗಡಿಬಿಡಿಯಿಂದ ರೊಟ್ಟಿ, ಹೀರೇಕಾಯಿ ಪಲ್ಯ ಬಡಿಸಿ, ಮೊಸರು ತರಲು ಒಳಗೆ ಹೋದಳು. ತಂದು ನೋಡುತ್ತಾಳೆ, ಮಗ ತಾಟಿನ ಮುಂದೆ ನಿಂತೇ ಇದ್ದ. ಕಿಟಕಿಯ ಬೆಳಕು ಕೆಂಪಾಗಿತ್ತು.

"ಹೊತ್ತು ಮುಳಗಾಕ ಬಂತು. ಹಸಿವಿ ಆಗಿಲ್ಲೇನೋ?"

ಬಸದಿಯ ಮುಂದೆ ನೋಡಿದ ಹಾಗೆಯೇ ಅವನು ಅವಳ ಮುಖ ನೋಡಿದ.

"ಏನ್ ಹೇಳ್ಲವ್ವಾ? ಆಗೇತಿ ಅನ್ಲ್ಯೋ, ಇಲ್ಲ ಅನ್ಲ್ಯೋ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಕುಹಕವೂ ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದ. ಉಣ್ಣು ಎಂದರೆ ಉಣ್ಣುತ್ತಾನೆ, ಬೇಡ ಎಂದರೆ ಬಿಡುತ್ತಾನೆ ಎಂದು ಹೀರಾಬಾಯಿಗೆ ಗೊತ್ತಾಗಿಹೋಯಿತು. ಮೊಸರಿನ ಗಡಿಗೆ ಹಿಡಿದುಕೊಂಡು ಅವಳು, ಉತ್ತರಕ್ಕೆ ಕಾಯುತ್ತ ಅವನು, ಇಬ್ಬರೂ ಹಾಗೆಯೇ ನಿಂತಿದ್ದಾಗ ಹೊತ್ತು ಮುಳುಗಿತು.